11 ಅಡಿಯೂ ನಿಜ, 10 ಅಡಿ 11 ಇಂಚೂ ನಿಜ

ಮನೆಯ ಮರಗೆಲಸ: ಓದುಗರ ಪ್ರಶ್ನೆಗಳಿಗೆ ವಿರಾಜಪೇಟೆಯ ಬಡಗಿಯೊಬ್ಬರ ಉತ್ತರ

ಪ್ರಶ್ನೆ: ಅಣ್ಣಾ, ನಮಸ್ಕಾರ. ನಮ್ಮದು ನಾಪೋಕ್ಲು ಹತ್ತಿರದ ಹಳೆ ಮನೆ. ಮಾವನವರ ಅಪ್ಪ ಕಟ್ಟಿಸಿದ್ದು. ಮಣ್ಣಿನ ಗೋಡೆ, ಆಮೇಲೆ ಮಾಡಿಸಿದ ಸಿಮೆಂಟ್ ಗಾರೆ, ನೆಲಕ್ಕೆ ಕೆಂಪು ಕಾವಿ. ಹುತ್ತರಿ ಹಬ್ಬದೊಳಗೆ ಅಡುಗೆಮನೆಗೆ ಮಾಡ್ಯುಲರ್ ಕ್ಯಾಬಿನೆಟ್ ಹಾಕಿಸಬೇಕು ಅಂತಿದ್ದೇವೆ. ಮೈಸೂರಿನಲ್ಲಿ ಮಾಡಿಸುವುದು. ಅಳತೆ ನೀವೇ ತೆಗೆದು ಕಳಿಸಿ ಅಂತ ಅವರು ಹೇಳಿದ್ದಾರೆ. ನಮ್ಮ ಯಜಮಾನರು ಗೋಡೆಯಿಂದ ಗೋಡೆಗೆ ಅಳೆದಾಗ 11 ಅಡಿ ಬಂತು. ಮೈದುನ ಅಳೆದಾಗ 10 ಅಡಿ 11 ಇಂಚು. ಟೇಪು ಒಂದೇ. ಇಬ್ಬರೂ ತಮ್ಮದೇ ಸರಿ ಅನ್ನುತ್ತಾರೆ. ನಾನು ಯಾವುದನ್ನು ಬರೆದು ಕಳಿಸಲಿ?

ಉತ್ತರ: ತಂಗೀ, ಇಬ್ಬರೂ ಸರಿಯಾಗೇ ಅಳೆದಿರಬಹುದು. ನಿಮ್ಮ ಯಜಮಾನರು ಟೇಪನ್ನು ಹಿಂದಿನ ಗೋಡೆಯ ಬುಡದಲ್ಲಿ, ನೆಲಕ್ಕೆ ತಾಗಿಸಿ ಹಿಡಿದಿರಬೇಕು. ಮೈದುನ ಸೊಂಟದ ಎತ್ತರದಲ್ಲಿ, ಗೋಡೆಯಿಂದ ಒಂದು ಹೆಜ್ಜೆ ಈಚೆ ನಿಂತು ಹಿಡಿದಿರಬೇಕು. ಹೋಗಿ ಕೇಳಿ ನೋಡಿ. ಕೈಯಲ್ಲಿ ಕಟ್ಟಿದ ಮಣ್ಣಿನ ಗೋಡೆ ಬುಡದಲ್ಲಿ ಒಂದು ದಪ್ಪ, ಮೇಲೆ ಇನ್ನೊಂದು ದಪ್ಪ. ಅದರ ಮೇಲೆ ಗಾರೆ ಬೇರೆ. ಅಂಥ ಕೋಣೆಗೆ ಒಂದೇ ಅಗಲ ಅಂತ ಇರುವುದಿಲ್ಲ. ಎಲ್ಲಿ ಅಳೆದಿರಿ ಅನ್ನೋದನ್ನೂ ಪಕ್ಕದಲ್ಲಿ ಬರೆದರೆ ಮಾತ್ರ ಆ ಸಂಖ್ಯೆ ಮೈಸೂರಿನವರಿಗೆ ಉಪಯೋಗಕ್ಕೆ ಬರುತ್ತದೆ.

ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತದ್ದು. ಸ್ವಂತ ಕೆಲಸ ಶುರು ಮಾಡಿದ ಎರಡನೇ ವರ್ಷ ಸಿದ್ದಾಪುರ ಕಡೆ ಒಂದು ಮನೆಯಲ್ಲಿ ಎರಡು ಗೋಡೆಗಳ ನಡುವೆ ಪಾತ್ರೆ ಬೀರು ಮಾಡಬೇಕಿತ್ತು. ನೆಲದ ಹತ್ತಿರ ಒಂದೇ ಸಲ ಅಳೆದೆ. ಅರ್ಧ ಇಂಚು ಬಿಟ್ಟು ಬೀರು ಮಾಡಿ ತಂದೆ. ತಳ್ಳಿದರೆ ಅರ್ಧಕ್ಕೇ ಸಿಕ್ಕಿಕೊಂಡಿತು. ಗೋಡೆ ಎದೆಮಟ್ಟದಲ್ಲಿ ಮುಕ್ಕಾಲು ಇಂಚು ಒಳಗೆ ಉಬ್ಬಿತ್ತು. ಆ ಮನೆಯ ಅಮ್ಮ ಕಾಫಿ ಮಾರಿದ ದುಡ್ಡು ಕೂಡಿಟ್ಟು ಮಾಡಿಸಿದ ಬೀರು ಅದು. ವಾಪಸ್ ತಂದು ಪಕ್ಕದ ಹಲಗೆ ಬಿಚ್ಚಿದೆ. ಒಳಗಿನ ಹಲಗೆಗಳನ್ನೆಲ್ಲ ಮತ್ತೆ ಕೊಯ್ದೆ. 12 ದಿನದ ಕೂಲಿ ಹೋಯಿತು. ಅದಕ್ಕಿಂತ ಜಾಸ್ತಿ ನೋವಾದದ್ದು ಆ ಅಮ್ಮ ಏನೂ ಮಾತಾಡದೆ ಪಾತ್ರೆಗಳನ್ನೆಲ್ಲ ಮತ್ತೆ ನೆಲದ ಮೇಲೆ ಜೋಡಿಸಿದ್ದನ್ನು ನೋಡಿ. ನಿಮ್ಮ ಮನೆಯಲ್ಲಿ ಹಾಗಾಗಬಾರದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಕ್ಯಾಬಿನೆಟ್ ಕೂರುವ ಜಾಗವನ್ನು ಮಾತ್ರ ಕಣ್ಣಮುಂದೆ ತಂದುಕೊಳ್ಳಿ. ಕೆಳಗಿನ ಸಾಲು ನೆಲದಿಂದ ಸುಮಾರು 850 ಮಿಲಿಮೀಟರ್ ಎತ್ತರ ಬರುತ್ತದೆ, ಗೋಡೆಯಿಂದ 600 ಮಿಲಿಮೀಟರ್ ಮುಂದೆ ಬರುತ್ತದೆ. ಈ ಜಾಗದ ಅಗಲವನ್ನು ನಾಲ್ಕು ಕಡೆ ತೆಗೆಯಿರಿ. ಹಿಂದಿನ ಗೋಡೆಗೆ ತಾಗಿಸಿ ನೆಲದಲ್ಲಿ ಒಂದು, ಅಲ್ಲೇ 850ರ ಎತ್ತರದಲ್ಲಿ ಒಂದು. ಆಮೇಲೆ 600 ಮುಂದೆ ಬಂದು ನೆಲದಲ್ಲಿ ಒಂದು, ಮೇಲೆ ಒಂದು. ಮುಂದಿನ ಈ ಎರಡು ಅಳತೆಯನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಕ್ಯಾಬಿನೆಟ್ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ.

11 ಅಡಿ ಅಂದರೆ 3353 ಮಿಲಿಮೀಟರ್. 10 ಅಡಿ 11 ಇಂಚು ಅಂದರೆ 3327. ನಿಮ್ಮ ನಾಲ್ಕು ಅಳತೆ 3353, 3344, 3336, 3327 ಬಂತು ಅಂತ ಇಟ್ಟುಕೊಳ್ಳೋಣ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಎಲ್ಲಕ್ಕಿಂತ ಚಿಕ್ಕದು, 3327. ಅದನ್ನೂ ಪೂರ್ತಿ ತುಂಬಬಾರದು. 900ರದ್ದು ಎರಡು, 600, 450, 400, ಹೀಗೆ ಐದು ಕ್ಯಾಬಿನೆಟ್ ಇಟ್ಟರೆ 3250 ಆಗುತ್ತದೆ. ಇನ್ನು 77 ಉಳಿಯಿತು. ಎರಡೂ ತುದಿಗೆ ಹಂಚಿದರೆ 38 ಚಿಲ್ಲರೆ. ಆ ಸಂದಿಗೆ ಫಿಲ್ಲರ್ ಪಟ್ಟಿ ಬರುತ್ತದೆ. ಶಟರ್‌ನ, ಅಂದರೆ ಕ್ಯಾಬಿನೆಟ್ ಬಾಗಿಲಿನದೇ ಬಣ್ಣದ 100 ಮಿಲಿಮೀಟರ್ ಅಗಲದ ಎರಡು ಪಟ್ಟಿ ಜಾಸ್ತಿ ಕಳಿಸಲು ಹೇಳಿ. ಜೋಡಿಸುವವರು ಅದನ್ನು ಗೋಡೆಗೆ ಹಿಡಿದು, ಗೋಡೆ ಹೇಗೆ ಸೊಟ್ಟ ಇದೆಯೋ ಹಾಗೇ ಗೆರೆ ಎಳೆದು ಕೊಯ್ಯುತ್ತಾರೆ. ಗೋಡೆ ಸೊಟ್ಟ ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಪಟ್ಟಿ ಇಲ್ಲದೆ ಗೋಡೆಗೆ ಅಂಟಿಸಿ ಕೂರಿಸಿದರೆ ಇನ್ನೊಂದು ತೊಂದರೆ ಇದೆ. ಮೂಲೆಯ ಡ್ರಾಯರ್ ಎಳೆದಾಗ ಬಾಗಿಲ ಚೌಕಟ್ಟಿಗೋ ಕಿಟಕಿ ಕಟ್ಟೆಗೋ ತಾಗುತ್ತದೆ. ಹಿಡಿಕೆ ಇರುವ ಶಟರ್ ಪೂರ್ತಿ ತೆರೆಯುವುದಿಲ್ಲ.

ಮೇಲಿನ ಸಾಲಿಗೆ ಇದೇ ಅಳತೆ ನಡೆಯುವುದಿಲ್ಲ. ಅದರ ಆಳ 300ರಿಂದ 350, ಎತ್ತರ ಬೇರೆ. ಅಲ್ಲಿ ಮತ್ತೆ ಬೇರೆಯಾಗಿ ಅಳೆಯಿರಿ.

ಈಗ ಟೇಪಿನ ವಿಷಯ. ಗೋಡೆಯಿಂದ ಗೋಡೆಗೆ ಅಳೆಯುವಾಗ ಎದುರು ಮೂಲೆಯಲ್ಲಿ ಟೇಪು ಬಾಗುತ್ತದೆ. ಆ ಬಾಗಿದ ಜಾಗದಲ್ಲಿ ನಾವು ಓದುವುದೆಲ್ಲ ಬರೀ ಅಂದಾಜು. ನಾನು ಕೆಲಸ ಕಲಿತದ್ದು ಸೋದರಮಾವನ ಹತ್ತಿರ. ಹಲಸಿನ ಮರದ ಬಾಗಿಲು, ಕಿಟಕಿ ಮಾಡುತ್ತಿದ್ದರು. ಒಳಗಿನ ಅಳತೆಗೆ ಅವರು ಟೇಪನ್ನೇ ನಂಬುತ್ತಿರಲಿಲ್ಲ. ಎರಡು ಬಿದಿರಿನ ಸೀಳು ಇಟ್ಟುಕೊಂಡಿದ್ದರು. ಒಂದರ ತುದಿ ಎಡ ಗೋಡೆಗೆ, ಇನ್ನೊಂದರ ತುದಿ ಬಲ ಗೋಡೆಗೆ. ನಡುವೆ ಎರಡೂ ಒಂದರ ಮೇಲೊಂದು ಬರುವ ಕಡೆ ಬಿಗಿಯಾಗಿ ಹಿಡಿದು ಪೆನ್ಸಿಲ್ ಗೆರೆ ಎಳೆಯುತ್ತಿದ್ದರು. ಹೊರಗೆ ತಂದು ಗೆರೆಗೆ ಗೆರೆ ಸೇರಿಸಿ ನೆಲದ ಮೇಲೆ ಇಟ್ಟರೆ ಗೋಡೆಯ ನಡುವಿನ ಜಾಗವನ್ನೇ ಎತ್ತಿ ತಂದ ಹಾಗೆ. ಎಂಥ ಚಂದದ ಉಪಾಯ ಅಲ್ವಾ! ನಾನು ಇವತ್ತಿಗೂ ತೆಳು ಮರದ ಬೀಡಿಂಗ್ ಪಟ್ಟಿ ಎರಡು ಇಟ್ಟುಕೊಂಡು ಹೀಗೇ ಮಾಡುತ್ತೇನೆ. ನಿಮ್ಮ ತೋಟದಲ್ಲಿ ಬಿದಿರಿಗೇನು ಬರ! ಪಟ್ಟಿ ಬೇಡ ಅಂದರೆ ಎಡ ಗೋಡೆಯಿಂದ ಸರಿಯಾಗಿ 2000 ಮಿಲಿಮೀಟರ್‌ಗೆ ಒಂದು ಗುರುತು ಹಾಕಿ. ಬಲ ಗೋಡೆಯಿಂದ ಆ ಗುರುತಿನವರೆಗೆ ಅಳೆದು ಕೂಡಿಸಿ. ಟೇಪು ಬಾಗುವ ಪ್ರಶ್ನೆಯೇ ಇಲ್ಲ.

ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಆಡುತ್ತದೆ. ಕೆಟ್ಟಿದೆ ಅಂತ ಕೆಲವರು ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೊಕ್ಕೆಯ ತಗಡು ಎಷ್ಟು ದಪ್ಪವೋ ಅಷ್ಟು ಅದು ಆಡಲೇಬೇಕು. ಅಂಚಿಗೆ ಸಿಕ್ಕಿಸಿ ಎಳೆದಾಗ ಹೊರಗೆ ಬರುತ್ತದೆ, ಗೋಡೆಗೆ ಒತ್ತಿದಾಗ ಒಳಗೆ ಹೋಗುತ್ತದೆ. ಎರಡು ಸಲವೂ ಸೊನ್ನೆ ಅದರ ಜಾಗದಲ್ಲೇ ಇರಲಿ ಅಂತಲೇ ಹಾಗೆ ಮಾಡಿರುವುದು. ಕೊಕ್ಕೆ ಬಾಗಿರುವ ಹಳೆ ಟೇಪು ಮಾತ್ರ ಬೇಡ. ಒಂದು ಮನೆಗೆ ಶುರುವಿನಿಂದ ಕೊನೆವರೆಗೆ ಒಂದೇ ಟೇಪು ಇರಲಿ.

ಬರೆಯುವುದು ಮಿಲಿಮೀಟರಿನಲ್ಲೇ. ನಾವು ಬಡಗಿಗಳು ಇಂಚು, ನೂಲು ಅಂತ ಮಾತಾಡುತ್ತೇವೆ. ಒಂದು ನೂಲು ಅಂದರೆ ಇಂಚಿನಲ್ಲಿ 8ನೇ ಒಂದು ಭಾಗ, 3 ಮಿಲಿಮೀಟರ್‌ಗಿಂತ ಚೂರು ಜಾಸ್ತಿ. ಕಾರ್ಖಾನೆಯ ಯಂತ್ರಕ್ಕೆ ಕೊಡುವುದು ಮಿಲಿಮೀಟರ್. ಇಂಚಲ್ಲಿ ಓದಿ, ಸೆಂಟಿಮೀಟರಿಗೆ ತಿರುಗಿಸಿ, ಫೋನಲ್ಲಿ ಹೇಳಿದರೆ ದಾರಿಯಲ್ಲೇ ಎಲ್ಲೋ ತಪ್ಪಾಗುತ್ತದೆ. ಒಬ್ಬರು ಓದಲಿ, ಇನ್ನೊಬ್ಬರು ಬರೆದುಕೊಂಡು ಗಟ್ಟಿಯಾಗಿ ವಾಪಸ್ ಹೇಳಲಿ. ಯಜಮಾನರನ್ನೂ ಮೈದುನರನ್ನೂ ಒಟ್ಟಿಗೆ ಈ ಕೆಲಸಕ್ಕೆ ಹಚ್ಚಿ.

ಮೂಲೆ 90 ಡಿಗ್ರಿ ಇದೆಯಾ ಅಂತ ನೋಡುವುದು ಸುಲಭ. ಮೂಲೆಯಿಂದ ಒಂದು ಗೋಡೆಯ ಮೇಲೆ 900ಕ್ಕೆ ಗುರುತು, ಇನ್ನೊಂದರ ಮೇಲೆ 1200ಕ್ಕೆ. ಎರಡು ಗುರುತಿನ ನಡುವೆ 1500 ಬಂದರೆ ಮೂಲೆ ನೆಟ್ಟಗಿದೆ. 3, 4, 5ರ ಲೆಕ್ಕ. 1500ಕ್ಕಿಂತ ಜಾಸ್ತಿ ಬಂದರೆ ಮೂಲೆ ಅಗಲವಾಗಿ ಬಿಟ್ಟುಕೊಂಡಿದೆ, ಕಮ್ಮಿ ಬಂದರೆ ಒಳಗೆ ಮುಚ್ಚಿಕೊಂಡಿದೆ. 1520 ಬಂತು ಅನ್ನಿ. ನೋಡಲು ಬರೀ 20 ಮಿಲಿಮೀಟರ್. ಆದರೆ 600 ಆಳದ ಕ್ಯಾಬಿನೆಟ್ ಇಟ್ಟಾಗ ಮುಂದಿನ ಅಂಚಿನಲ್ಲಿ ಸುಮಾರು 17 ಮಿಲಿಮೀಟರ್ ಸಂದಿ ಕಾಣುತ್ತದೆ. ಗ್ರಾನೈಟ್ ಕೊಯ್ಯುವವರಿಗೂ ಈ ಸಂಖ್ಯೆ ಕೊಡಿ. ಇಲ್ಲದಿದ್ದರೆ ಅವರು ನೇರ ಚೌಕಕ್ಕೆ ಕೊಯ್ದು ತರುತ್ತಾರೆ.

ನೆಲ. ಹಳೆ ಅಡುಗೆಮನೆಯಲ್ಲಿ ತೊಳೆದ ನೀರು ಹರಿದುಹೋಗಲಿ ಅಂತ ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಹಾಗಾಗಿ ನೆಲದಿಂದ ಎತ್ತರ ಅಳೆಯಬೇಡಿ. ಗಾರೆಯವರ ಹತ್ತಿರ ನೀರು ತುಂಬುವ ತಿಳಿ ಪ್ಲಾಸ್ಟಿಕ್ ಪೈಪು ಇರುತ್ತದೆ, ಒಂದು ದಿನಕ್ಕೆ ಕೇಳಿ ತನ್ನಿ. ಪೈಪಿನಲ್ಲಿ ಗಾಳಿಗುಳ್ಳೆ ಇರಬಾರದು. ಎರಡು ತುದಿಯಲ್ಲಿ ನೀರು ನಿಲ್ಲುವ ಮಟ್ಟಕ್ಕೆ ಗುರುತು ಹಾಕುತ್ತ, ನೆಲದಿಂದ ಸುಮಾರು ಒಂದು ಮೀಟರ್ ಮೇಲೆ ಗೋಡೆ ಸುತ್ತ ಒಂದು ಗೆರೆ ಎಳೆಯಿರಿ. ಆ ಗೆರೆಯಿಂದ ಕೆಳಕ್ಕೆ ಎರಡೆರಡು ಅಡಿಗೊಮ್ಮೆ ಅಳೆದು ಬರೆಯಿರಿ. 1000, 1006, 1013, 1022 ಹೀಗೆ ಬರಬಹುದು. ಎಲ್ಲಿ ಸಂಖ್ಯೆ ಚಿಕ್ಕದೋ ಅಲ್ಲಿ ನೆಲ ಎತ್ತರ. ಕ್ಯಾಬಿನೆಟ್ ಜೋಡಿಸುವುದು ಅಲ್ಲಿಂದ ಶುರುವಾಗಬೇಕು. ಅಡಿಯ ತಿರುಪು ಕಾಲನ್ನು ತಗ್ಗಿನ ಕಡೆ ಉದ್ದ ಮಾಡಬಹುದು. ಅದರ ಕನಿಷ್ಠ ಎತ್ತರಕ್ಕಿಂತ ಗಿಡ್ಡ ಮಾಡಲಾಗುವುದಿಲ್ಲ.

ಕಿಟಕಿ, ಸ್ವಿಚ್ ಬೋರ್ಡ್, ನಲ್ಲಿ, ಸಿಂಕಿನ ನೀರು ಹೋಗುವ ಪೈಪು, ಗ್ಯಾಸ್ ಪೈಪು ಎಲ್ಲವನ್ನೂ ಒಂದೇ ಮೂಲೆಯಿಂದ ಅಳೆಯಿರಿ. ಮೂಲೆಯಿಂದ ಕಿಟಕಿಗೆ, ಕಿಟಕಿಯಿಂದ ಬೋರ್ಡಿಗೆ, ಬೋರ್ಡಿಂದ ನಲ್ಲಿಗೆ ಅಂತ ತುಂಡು ತುಂಡಾಗಿ ತೆಗೆದರೆ ಪ್ರತಿ ಸಲದ ಒಂದೆರಡು ಮಿಲಿಮೀಟರ್ ಸೇರಿ ಕೊನೆಗೆ ದೊಡ್ಡದಾಗುತ್ತದೆ. ಎತ್ತರಕ್ಕೆ ಆ ಮಟ್ಟದ ಗೆರೆಯೇ ಆಧಾರ. ಪೈಪಿಗೆ ಅದರ ನಡುವಿನವರೆಗೆ ಅಳೆಯಿರಿ. ಹಳೆ ಮನೆಯ ಕಿಟಕಿ ಬಾಗಿಲು ಎಷ್ಟೋ ಕಡೆ ಒಳಕ್ಕೆ ತೆರೆಯುತ್ತದೆ. ಎತ್ತರದ ನಲ್ಲಿ ಹಾಕಿಸಿ ಆಮೇಲೆ ಕಿಟಕಿ ತೆರೆಯಲಾಗದೆ ಒದ್ದಾಡುವುದು ಬೇಡ.

ಕಟ್ಟೆಯ ಎತ್ತರ ಎಷ್ಟಿರಬೇಕು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ದಿನಾ ನೋಯುವುದು ಇದೇ. ಅಡುಗೆ ಮಾಡುವವರು ಚಪ್ಪಲಿ ಇಲ್ಲದೆ ನೆಟ್ಟಗೆ ನಿಂತು ಮೊಣಕೈ ಮಡಚಲಿ. ನೆಲದಿಂದ ಮೊಣಕೈವರೆಗೆ ಅಳೆದು, ಅದರಲ್ಲಿ 100ರಿಂದ 150 ಮಿಲಿಮೀಟರ್ ಕಳೆಯಿರಿ. ಅದು ನಿಮ್ಮ ಕಟ್ಟೆ. ನೀವು, ನಿಮ್ಮ ಅತ್ತೆ ಇಬ್ಬರೂ ಅಡುಗೆ ಮಾಡುತ್ತೀರಿ ಅಂದರೆ ಗಿಡ್ಡ ಇರುವವರಿಗೆ ಹೊಂದಿಸಿ. ವಯಸ್ಸಾದವರು ತೋಳೆತ್ತಿ ಕೆಲಸ ಮಾಡಿದರೆ ಭುಜ ಹಿಡಿದುಕೊಳ್ಳುತ್ತದೆ.

ಒಳಗೆ ಇಡುವ ಸಾಮಾನನ್ನೂ ಅಳೆಯಿರಿ. ಕಡಂಬುಟ್ಟು (ಅಕ್ಕಿ ಕಡುಬು) ಬೇಯಿಸುವ ಪಾತ್ರೆ ಮುಚ್ಚಳ ಸಮೇತ ಎಷ್ಟು ಎತ್ತರ, ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಒತ್ತುವುದು ಎಷ್ಟು ಉದ್ದ, ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿರಸ) ಬಾಟಲಿ ನಿಲ್ಲಿಸಲು ಎಷ್ಟು ಜಾಗ ಬೇಕು. ಕಾರ್ಖಾನೆಯ ಡ್ರಾಯರ್ ತಟ್ಟೆ, ಲೋಟದ ಲೆಕ್ಕದಲ್ಲಿ ಬರುತ್ತದೆ. ಹಬ್ಬದ ಪಾತ್ರೆ ಹಿಡಿಸದೆ ಅಟ್ಟ ಸೇರಿದರೆ ಇಷ್ಟು ಖರ್ಚು ಮಾಡಿ ಏನು ಬಂತು? ಕಾಚಂಪುಳಿ ತುಂಬಾ ಹುಳಿ. ಅದು ತೊಟ್ಟಿಕ್ಕಿದರೆ ಅಮೃತಶಿಲೆಯ ಕಟ್ಟೆಯಲ್ಲಿ ಕಲೆ ಬೀಳುತ್ತದೆ. ಬಾಟಲಿ ಇಡುವ ತಳಕ್ಕೆ ಒಂದು ಸ್ಟೀಲ್ ತಟ್ಟೆ ಇರಲಿ.

ಒಂದು ಎಚ್ಚರಿಕೆ. ನಿಮ್ಮದು ಮಣ್ಣಿನ ಗೋಡೆ. ಮೇಲಿನ ಕ್ಯಾಬಿನೆಟ್ಟನ್ನು ಸುಮ್ನೆ ಪ್ಲಗ್ ಹೊಡೆದು ಸ್ಕ್ರೂ ಹಾಕಿ ತೂಗಿಸಲು ಬಿಡಬೇಡಿ. ಗಾರೆಯ ಹಿಂದೆ ಮಣ್ಣು ಇರುವ ಕಡೆ ಸ್ಕ್ರೂ ಹಿಡಿತ ಕೊಡುವುದಿಲ್ಲ. ಪಾತ್ರೆ ತುಂಬಿದ ಮೇಲೆ ಒಂದು ದಿನ ಕಿತ್ತುಕೊಂಡು ಬರುತ್ತದೆ, ಕೆಳಗೆ ಯಾರಾದರೂ ನಿಂತಿರುತ್ತಾರೆ. ನೆಲದಿಂದಲೇ ಎದ್ದು ನಿಲ್ಲುವ ಕಬ್ಬಿಣದ ಚೌಕಟ್ಟು ಮಾಡಿಸಿ ಅದಕ್ಕೆ ಹಾಕಿಸಿ. ಆ ಚೌಕಟ್ಟು ತಿನ್ನುವ ಜಾಗವನ್ನು ಮುಂಚೆಯೇ ಆಳದಲ್ಲಿ ಲೆಕ್ಕ ಹಿಡಿಯಿರಿ.

ಇದನ್ನೆಲ್ಲ ಒಂದು ದೊಡ್ಡ ಹಾಳೆಯಲ್ಲಿ ಗೋಡೆಗೊಂದು ಚಿತ್ರ ಮಾಡಿ ಬರೆಯಿರಿ. ಚಿತ್ರ ಚಂದ ಇರಬೇಕಾಗಿಲ್ಲ. ಅಳೆದ ಮಾರನೇ ದಿನ ಹಳೆ ಹಾಳೆ ನೋಡದೆ ಇನ್ನೊಮ್ಮೆ ಅಳೆಯಿರಿ. ಎರಡೂ ಹಾಳೆಯಲ್ಲಿ 2 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇರುವ ಜಾಗವನ್ನು ಮಾತ್ರ ಮೂರನೇ ಸಲ ನೋಡಿದರೆ ಸಾಕು.

ಪ್ರಶ್ನೆ: ಕುಶಾಲನಗರದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಪ್ಲಾಸ್ಟರ್ ಆಗಿದೆ, ಟೈಲ್ಸ್ ಆಗಿಲ್ಲ. ಸಮಯ ಉಳಿಯುತ್ತದೆ, ಈಗಲೇ ಅಳತೆ ಕೊಟ್ಟು ಕಿಚನ್ ಆರ್ಡರ್ ಮಾಡಬಹುದೇ ಸರ್?

ಉತ್ತರ: ಬೇಡ ಸರ್. ಈಗ ಕೊಡುವ ಅಳತೆ ದರದ ಅಂದಾಜಿಗೆ ಮಾತ್ರ ಇರಲಿ. ಗೋಡೆ ಟೈಲ್ 8ರಿಂದ 10 ಮಿಲಿಮೀಟರ್ ದಪ್ಪ, ಅದರ ಹಿಂದಿನ ಅಂಟು ಇನ್ನು 3ರಿಂದ 5. ಎರಡೂ ಪಕ್ಕದ ಗೋಡೆ ಸೇರಿದರೆ ಹೆಚ್ಚುಕಮ್ಮಿ ಒಂದು ಇಂಚು ಹೋಯಿತು. ಸಿಮೆಂಟಿನಲ್ಲಿ ಕೂರಿಸಿದರೆ ಇನ್ನೂ ಜಾಸ್ತಿ. ನೆಲವೂ ಮೇಲೆ ಬರುತ್ತದೆ. ಉಳಿಸಬಹುದಾದ ಸಮಯ ಬೇರೆ ಕಡೆ ಇದೆ. ಕಿಚನ್ ಮಾಡುವವರಿಂದ ನಲ್ಲಿ, ಸಿಂಕ್, ಚಿಮಣಿ, ಪ್ಲಗ್ ಪಾಯಿಂಟ್ ಎಲ್ಲಿ ಬರಬೇಕು ಅನ್ನುವ ನಕ್ಷೆ ಈಗಲೇ ತೆಗೆದುಕೊಂಡು ಪ್ಲಂಬರ್‌ಗೂ ಕರೆಂಟಿನವರಿಗೂ ಕೊಡಿ. ಟೈಲ್ಸ್ ಹಾಕಿದ ಮೇಲೆ ಗೋಡೆ ಒಡೆಯುವುದು ತಪ್ಪುತ್ತದೆ. ಕೊನೆಯ ಅಳತೆ ಟೈಲ್ಸ್ ಮುಗಿದ ಮೇಲೆಯೇ.

ಪ್ರಶ್ನೆ: ಲೇಸರ್ ಅಳತೆ ಯಂತ್ರ ಕೊಂಡರೆ ಟೇಪು ಬೇಡವೇ? (ಸೋಮವಾರಪೇಟೆಯಿಂದ ಒಬ್ಬ ಓದುಗರು)

ಉತ್ತರ: ಎರಡೂ ಬೇಕು. ಲೇಸರ್ ಉದ್ದದ ಕೋಣೆಗೆ ಒಳ್ಳೆಯದು, ಒಬ್ಬರೇ ಅಳೆಯಬಹುದು. ಆದರೆ ಯಂತ್ರದ ಹಿಂಬದಿಯಿಂದ ಅಳೆಯುತ್ತಿದೆಯೋ ಮುಂಬದಿಯಿಂದಲೋ ಅಂತ ಪರದೆಯ ಮೇಲಿನ ಗುರುತನ್ನು ಪ್ರತಿ ಸಲ ನೋಡಬೇಕು. ತಪ್ಪಿದರೆ ಯಂತ್ರದ ಉದ್ದವೇ ಲೆಕ್ಕದಲ್ಲಿ ತಪ್ಪಿಹೋಗುತ್ತದೆ. ಅದು ಅಳೆಯುವುದು ಕೆಂಪು ಚುಕ್ಕೆ ಬಿದ್ದ ಜಾಗವನ್ನು ಮಾತ್ರ. ಸೊಟ್ಟ ಗೋಡೆಗೆ ಅದರಲ್ಲೂ ನಾಲ್ಕು ಕಡೆ ಅಳೆಯಲೇಬೇಕು.

ಪ್ರಶ್ನೆ: ಮಡಿಕೇರಿಯಲ್ಲಿ ನಮ್ಮದು ಹೆಂಚಿನ ಮನೆ. ಮಲಗುವ ಕೋಣೆಗೆ ಮರದ ಅಟ್ಟ ಇದೆ. ನೆಲದಿಂದ ಅಟ್ಟಕ್ಕೆ 7 ಅಡಿ 1 ಇಂಚು. 7 ಅಡಿ ಎತ್ತರ, 2 ಅಡಿ ಆಳದ ರೆಡಿ ವಾರ್ಡ್‌ರೋಬ್ ನೋಡಿದ್ದೇವೆ. ಒಂದು ಇಂಚು ಉಳಿಯುತ್ತದಲ್ಲ, ಸಾಕಲ್ಲವೇ ಅಣ್ಣಾ?

ಉತ್ತರ: ಸಾಕಾಗುವುದಿಲ್ಲ ಅಕ್ಕ. ನಿಂತ ಮೇಲೆ ಅದು 7 ಅಡಿ, ನಿಜ. ಆದರೆ ಕೋಣೆಯೊಳಗೆ ಮಲಗಿಸಿ ತಂದು ಎತ್ತಿ ನಿಲ್ಲಿಸಬೇಕು ಅಲ್ವಾ? ಎತ್ತುವಾಗ ಅದರ ಒಂದು ಮೂಲೆಯಿಂದ ಎದುರು ಮೂಲೆಯವರೆಗಿನ ಉದ್ದ ಅಟ್ಟದ ಕೆಳಗೆ ತಿರುಗಬೇಕು. 7 ಅಡಿ ಎತ್ತರ, 2 ಅಡಿ ಆಳ ಇದ್ದರೆ ಆ ಉದ್ದ 7 ಅಡಿ ಮೂರೂವರೆ ಇಂಚಿನ ಹತ್ತಿರ ಬರುತ್ತದೆ. ಅಟ್ಟಕ್ಕೆ ಬಡಿದು ಅಲ್ಲೇ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಹೊತ್ತು ತಂದವರು ಹೊರಟಿರುತ್ತಾರೆ.

6 ಅಡಿ 8 ಇಂಚಿನದ್ದಾದರೆ ಮೂಲೆಯಿಂದ ಮೂಲೆಗೆ 6 ಅಡಿ ಹನ್ನೊಂದೂವರೆ ಇಂಚು. ಒಂದೂವರೆ ಇಂಚು ಜಾಗ ಸಿಗುತ್ತದೆ, ನಿಲ್ಲಿಸಬಹುದು. ಆದರೆ ಅಳೆಯುವುದು ಅಟ್ಟದ ಹಲಗೆಗಲ್ಲ, ಅದರ ಕೆಳಗೆ ಇಳಿದಿರುವ ತೊಲೆಗೆ. ನಿಮ್ಮ 7 ಅಡಿ 1 ಇಂಚು ಯಾವುದಕ್ಕೆ ಅಂತ ಮತ್ತೆ ನೋಡಿ. 7 ಅಡಿಯೇ ಬೇಕು ಅಂದರೆ 5 ಅಡಿಯದೊಂದು, ಅದರ ಮೇಲೆ 2 ಅಡಿಯದೊಂದು, ಹೀಗೆ ಎರಡು ಭಾಗವಾಗಿ ಮಾಡಿಸಿ. ಬರುವ ದಾರಿಯನ್ನೂ ಅಳೆಯಿರಿ. ಗೇಟಿನಿಂದ ಮೆಟ್ಟಿಲು, ಮೆಟ್ಟಿಲಿನ ತಿರುವು, ಹೊಸ್ತಿಲ ಮೇಲಿನಿಂದ ಬಾಗಿಲ ಮೇಲಿನ ಪಟ್ಟಿಯವರೆಗೆ. ಹಳೆ ಮನೆಯ ಹೊಸ್ತಿಲು ಎತ್ತರ, ಬಾಗಿಲು ಗಿಡ್ಡ.

ಇನ್ನು ಮಳೆ. ನೀವು ವಾರ್ಡ್‌ರೋಬ್ ಇಡುವುದು ಹೊರಗೋಡೆಗೆ ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೋಡೆ ಒಣಗುವುದೇ ಇಲ್ಲ. ಹಿಂದೆ ಒಂದೂವರೆ ಇಂಚು ಬಿಟ್ಟು ನಿಲ್ಲಿಸಿ, ಗಾಳಿ ಆಡಲಿ. ಹಾಗಾದರೆ 2 ಅಡಿಯ ವಾರ್ಡ್‌ರೋಬ್ ಕೋಣೆಯೊಳಗೆ 2 ಅಡಿ ಒಂದೂವರೆ ಇಂಚು ಬರುತ್ತದೆ. ಅದರ ಬಾಗಿಲು ತೆರೆದಾಗ ಮಂಚಕ್ಕೆ ತಾಗುತ್ತದಾ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ನೋಡಿ. ಗಟ್ಟಿ ಮರದ ಬಾಗಿಲು ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ. ಪ್ಲೈವುಡ್ ಅಷ್ಟು ಹಿಗ್ಗುವುದಿಲ್ಲ. ಬೇಸಿಗೆಯಲ್ಲಿ ಮರದ ಬಾಗಿಲು ಕೂರಿಸುವುದಾದರೆ ಎರಡು ಬಾಗಿಲ ನಡುವೆ ಒಂದು ನೂಲು ಸಂದಿ ಬಿಡಲು ಹೇಳಿ. ಅಂಗಡಿಯವರು ಬಿಗಿಯಾಗಿ ಕೂತಿದೆ ನೋಡಿ ಅಂತ ತೋರಿಸಿದರೆ ಒಪ್ಪಬೇಡಿ. ಜುಲೈನಲ್ಲಿ ಆ ಬಾಗಿಲು ತೆರೆಯಲು ಇಬ್ಬರು ಬೇಕಾಗುತ್ತದೆ.